ಭಾವನ ಬಾಯಿಗೊಂದು ಫ್ರೆಂಚ್ ಕೋಳಿ

ಈ ಮಹಾನಗರದಲ್ಲಿ ಎಲ್ಲಿ ಏನು ರುಚಿಯಾಗಿ ಸಿಗುತ್ತದೆ ಎಂಬುದನ್ನು ನನ್ನೊಬ್ಬನನ್ನೇ ಕೇಳಬೇಕು! ಹೀಗೆಂದು ನಾನು ಎದೆ ತಟ್ಟಿಕೊಂಡದ್ದು ಹೆಂಡತಿಯ ಅಣ್ಣನ ಎದುರಿಗೆ. ಭಾವ ಮೂವತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿ ಪಳಗಿದವರು.

“ಹಳೇ ಕ್ರಮದ ಫ್ರೆಂಚ್ ಕೋಳಿ ಸಿಗುತ್ತಾ? ಇಡೀ ಕೋಳಿಗೆ ಬೆಣ್ಣೆ ಸವರಿ, ಓವನ್ನಲ್ಲಿ ನಿಧಾನಕ್ಕೆ ಹುರಿದದ್ದು?” ಎಂದರು.

“ನಾಳೆ ಮಧ್ಯಾಹ್ನ ನಿಮ್ಮ ತಟ್ಟೇಲಿರುತ್ತೆ, ಭಾವ!”

ಅಂಥದ್ದೊಂದು ಇದೆಯೆಂದು ನನಗೆ ತಿಳಿದದ್ದೇ ಆ ಗಳಿಗೆಯಲ್ಲಿ. ಬಚ್ಚಲಿಗೆ ಹೋಗಿ ಅಗುಳಿ ಹಾಕಿ, ಮೊಬೈಲಿನಲ್ಲಿ ತಡಕಾಡಿ, ಮೂರು ಹೋಟೆಲುಗಳ ಹೆಸರನ್ನು ಚೀಟಿಯಲ್ಲಿ ಗೀಚಿ, ನಾಳೆ ತೊಡುವ ಶರ್ಟಿನ ಜೇಬಿಗಿಳಿಸಿದೆ.

“ಮೊದಲೇ ಫೋನ್ ಮಾಡಿ ಕೇಳ್ಬಾರ್ದಾ?” ಎಂದಳು ಹೆಂಡತಿ, ಅದೇ ಶರ್ಟಿಗೆ ಇಸ್ತ್ರಿ ಹಾಕಲು ಕೈಚಾಚುತ್ತ.

“ಫೋನ್ ಮಾಡೋರು ಊರು ಗೊತ್ತಿಲ್ಲದೋರು ಕಣೇ!”

ಮರುದಿನ ಮೂವರೂ ಟ್ಯಾಕ್ಸಿಯಲ್ಲಿ ಹೊರಟೆವು. ಮೂರು ಗಂಟೆಗೆ ಭಾವ ಹಡಗು ಹತ್ತಬೇಕು. ಇಂದು ಸೋತರೆ ನನ್ನ ಮಾನ ಬಂದರಿನಿಂದ ಬಂದರಿಗೆ ಎರಡು ವರ್ಷ ಹರಾಜಾಗುತ್ತದೆ!

ಮೊದಲ ಹೋಟೆಲಿನಲ್ಲಿ ಕೋಳಿಯ ತುಂಡುಗಳು ಬಿಳಿ ಸಾಸಿನಲ್ಲಿ ತೇಲುತ್ತಿದ್ದವು. ಭಾವ ಮೂಸಿ ನೋಡಿ, “ಇದಕ್ಕೆ ಜ್ವರ ಬಂದಿದೆ” ಎಂದರು. ಎರಡನೆಯದಕ್ಕೆ ಬೀಗ. ನನ್ನ ಕೊರಳಪಟ್ಟಿ ಒದ್ದೆಯಾಯಿತು. ಹೆಂಡತಿ ಮಾತ್ರ ಕಿಟಕಿಯಾಚೆ ನೋಡುತ್ತ ಕಡಲೆ ತಿನ್ನುತ್ತಿದ್ದಳು.

ಮೂರನೆಯದು ಓಣಿಯೊಳಗೆ, ನಾಲ್ಕೇ ಮೇಜಿನ ಜಾಗ. ಒಳಗಿಂದ ಬೆಣ್ಣೆಯ ಘಮ! ಆದರೆ ಗೋಡೆಯ ಮೇಲೆ ಬರೆದಿತ್ತು: ‘ಇಡೀ ಕೋಳಿ ಬೇಕಾದವರು ಹಿಂದಿನ ದಿನವೇ ಹೇಳಬೇಕು.’ ಕೈ ತೊಳೆದು ಬರುತ್ತೇನೆಂದು ಸುಳ್ಳು ಹೇಳಿ ಸೀದಾ ಅಡುಗೆಮನೆಗೆ ನುಗ್ಗಿದೆ.

“ಅಮ್ಮಾ, ಒಂದು ಕೋಳಿ! ಮಾನ ಉಳಿಸಿ!”

ಏಪ್ರನ್ ಕಟ್ಟಿದ್ದ ಹೋಟೆಲಿನಾಕೆ ಓವನ್ನಿನಿಂದ ಕಣ್ಣೆತ್ತಲಿಲ್ಲ. “ಇರೋದು ಇದೊಂದೇ. ಇದೂ ಬುಕ್ ಆಗಿದೆ.”

“ಅವರು ಬರದೇ ಹೋದ್ರೆ?”

ಆಕೆ ಈಗ ತಿರುಗಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಗೋಡೆ ಗಡಿಯಾರವನ್ನೂ ನೋಡಿದಳು. ಸರಿಯಾಗಿ ಒಂದು ಗಂಟೆ.

“ಬಂದಾಯ್ತಲ್ಲ! ನಿನ್ನೆ ನಿಮ್ಮನೆಯವರು ಫೋನ್ ಮಾಡಿದ್ರು. ‘ನಮ್ಮೆಜಮಾನ್ರು ಚೀಟೀಲಿರೋ ಇನ್ನೆರಡು ಕಡೆ ಸುತ್ತಿ, ಒಂದು ಗಂಟೆ ಹೊತ್ತಿಗೆ ಬೆವರ್ತಾ ನಿಮ್ಮ ಅಡುಗೆಮನೆಗೇ ನುಗ್ತಾರೆ, ಗಾಬರಿಯಾಗ್ಬೇಡಿ’ ಅಂದ್ರು.”

ನಾನು ಗೋಡೆಗೊರಗಿ ಉಸಿರು ಬಿಟ್ಟೆ. ಓವನ್ನಿನಿಂದ ಹೊಂಬಣ್ಣದ ಕೋಳಿ ತಟ್ಟೆಗಿಳಿಯಿತು. ಕತ್ತರಿಸಿ ಭಾವನ ಮುಂದೆ ಮೆರೆಯೋಣವೆಂದು ಚಾಕುವಿಗೆ ಕೈ ಹಾಕಿದೆ.

ಆಕೆ ಚಾಕು ಹಿಂದಕ್ಕೆಳೆದುಕೊಂಡಳು. “ಇದನ್ನ ಮಾತ್ರ ನಿಮ್ಮ ಕೈಗೆ ಕೊಡ್ಬಾರ್ದು ಅಂತಾನೂ ಹೇಳಿದ್ದಾರೆ!”