ಸಿನಿಮಾದ ಭುಜ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ, ಆರನೆಯ ಇಯತ್ತೆಯ ನಡುವೆ. ಬಿಡಿಸಿದವರು ಯಾರೂ ಇಲ್ಲ. ಭಾಗಾಕಾರ ನನಗೆ ಒಲಿಯಲಿಲ್ಲ, ನಾನೂ ಅದಕ್ಕೆ ದುಂಬಾಲು ಬೀಳಲಿಲ್ಲ. ಇಬ್ಬರೂ ಜಗಳವಿಲ್ಲದೆ ಬೇರೆಯಾದೆವು. ಮರುವಾರವೇ ಇಮಾಮಸಾಬ ಉಸ್ತಾದರ ಹೊಲಿಗೆ ಅಂಗಡಿಯಲ್ಲಿ ಗುಂಡಿಯ ಕಾಜಾ ಹಾಕಲು ಕುಳಿತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಬಹಳ ತಿಳಿದವನಂತೆ ಮಾತಾಡುವವನಿದ್ದೇನೆ. ಓದು ಬಿಟ್ಟವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ತನಗೆ ಗೊತ್ತಿರುವುದು ನಾಲ್ಕು ಮಂದಿಗೆ ಗೊತ್ತಾಗುವವರೆಗೆ ಅವನಿಗೆ ಉಂಡದ್ದು ಅರಗುವುದಿಲ್ಲ. ಓದಿದವರ ಗೋಡೆಯ ಮೇಲೆ ಸರ್ಟಿಫಿಕೇಟು ತೂಗುತ್ತಿರುತ್ತದೆ. ಅದು ಮಾತಾಡುತ್ತದೆ, ಅವರು ಸುಮ್ಮನಿರಬಲ್ಲರು. ನಮ್ಮಂಥವರ ಸರ್ಟಿಫಿಕೇಟು ನಮ್ಮ ಬಾಯಿಯೇ.

ಶಲವಡಿಯಂಥ ಊರಲ್ಲಿ ದರ್ಜಿಗೆ ಗೊತ್ತಿರುವಷ್ಟು ಡಾಕ್ಟರಿಗೂ ಗೊತ್ತಿರುವುದಿಲ್ಲ. ಯಾವ ಗೌಡರ ಒಂದು ಕಾಲು ಗಿಡ್ಡ, ಯಾರ ಹೊಟ್ಟೆ ದೀಪಾವಳಿಯಿಂದ ಯುಗಾದಿಯೊಳಗೆ ಎರಡು ಇಂಚು ಬೆಳೆಯಿತು, ಯಾರ ಎದೆ ಒಳಗಿನ ಕಾಯಿಲೆಯಿಂದ ಸೊರಗುತ್ತಿದೆ, ಎಲ್ಲ ಟೇಪಿಗೆ ಸಿಗುತ್ತದೆ. ಹೆಣ್ಣುಮಕ್ಕಳು ಖುದ್ದಾಗಿ ಅಳತೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ತೊಟ್ಟು ಹಳೆಯದಾದ ಒಂದು ಕುಪ್ಪಸವನ್ನು ಅಳತೆಗೆಂದು ಕಳಿಸುತ್ತಾರೆ. ಅದನ್ನು ಹಲಗೆಯ ಮೇಲೆ ಹರವಿದರೆ ಸಾಕು, ತೊಟ್ಟವಳ ಮೈ ತಾನೇ ಹೇಳಿಕೊಳ್ಳುತ್ತದೆ. ಉಸ್ತಾದರು ಮೊದಲ ದಿನವೇ ನನ್ನ ಕಿವಿ ಹಿಡಿದು ಹೇಳಿದ್ದರು: "ಲೇ ಬಸ್ಯಾ, ಅಳತಿ ಪುಸ್ತಕದಾಗ ಬರಕೊ. ಬಾಯಾಗ ಇಟಕೋಬ್ಯಾಡ." ಅವರು ಹೋಗಿ ಹನ್ನೊಂದು ವರ್ಷವಾಯಿತು. ಅವರ ಮಷೀನು ನನಗೆ ಬಂತು, ಕತ್ತರಿ ಬಂತು, ಗಿರಾಕಿಗಳು ಬಂದರು. ಮಾತೊಂದು ಮಾತ್ರ ಅವರ ಜೊತೆಗೇ ಹೋಯಿತೆಂದು ಕಾಣುತ್ತದೆ.

ಎಂಬತ್ತೈದು-ಎಂಬತ್ತಾರರ ಸುಮಾರಿಗೆ ಹುಬ್ಬಳ್ಳಿಯಲ್ಲಿ ಒಂದು ಹಿಂದಿ ಸಿನಿಮಾ ಬಂತು. ಮುಂಬಯಿಯ ಒಬ್ಬ ಫ್ಯಾಷನ್ ಡಿಸೈನರನ ಕಥೆ. ಅದನ್ನು ನೋಡಿಬಂದ ಹುಡುಗಿಯರು ಅಂಗಡಿ ಮುಂದೆ ನಿಂತು, "ಕಾಕಾ, ಅದರಾಗಿನ ತೋಳು ಇಡ್ರಿ" ಎಂದು ಗಂಟುಬಿದ್ದರು. ಎಂಥ ತೋಳು ಎಂದರೆ ಕೈಯನ್ನು ಬುಗ್ಗಿಯಂತೆ ಉಬ್ಬಿಸಿ ತೋರಿಸುತ್ತಿದ್ದರು. ಬುಗ್ಗಿ ತೋಳು ನನಗೆ ಹೊಸದಲ್ಲ, ಆದರೆ ಇದರಲ್ಲಿ ಭುಜವೇ ಎದ್ದು ನಿಲ್ಲುತ್ತದಂತೆ. ಧಂದೆಯ ಪ್ರಶ್ನೆ. ಹೋಗಿ ನೋಡಿದೆ.

ಆ ಡಿಸೈನರನಂಥ ಪುಣ್ಯವಂತನನ್ನು ನಾನು ನೋಡಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಟೇಪನ್ನು ಮಾಲೆಯ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗುತ್ತಾನೆ. ಮೂರು ತಾಸಿನ ಸಿನಿಮಾದಲ್ಲಿ ಒಮ್ಮೆಯೂ ಅದನ್ನು ತೆಗೆದು ಯಾರನ್ನೂ ಅಳೆಯುವುದಿಲ್ಲ. ಕಾಗದದ ಮೇಲೆ ಸರ್ರನೆ ಒಂದು ಗೆರೆ ಎಳೆದರೆ ಮರುಕ್ಷಣ ನಾಯಕಿ ಅದನ್ನು ತೊಟ್ಟು ಮೆಟ್ಟಿಲಿಳಿದು ಬರುತ್ತಾಳೆ. ಒಳಗಿನ ಅಸ್ತರಿ ಬಟ್ಟೆ ಕಡಿಮೆ ಬಿತ್ತೆಂದು ಯಾರೂ ಜಗಳ ತೆಗೆಯುವುದಿಲ್ಲ. ಮಂಗಳವಾರ ಬಾ ಎಂದು ಆತ ಯಾರಿಗೂ ಹೇಳುವುದಿಲ್ಲ. ನಡುವೆ ಒಂದು ಸಲ ಮಷೀನಿನ ಮುಂದೆ ಬೆನ್ನು ಬಾಗಿಸಿ ಕೂತ ಮುದುಕನೊಬ್ಬ ಕಾಣುತ್ತಾನೆ. ಅವನ ಮುಖವನ್ನು ತೋರಿಸುವುದಿಲ್ಲ. ಡಿಸೈನರ ಅವನ ಮೇಲೆ ಬಟ್ಟೆ ಬಿಸಾಕಿ ಬೈದು ಹೋಗುತ್ತಾನೆ, ಥಿಯೇಟರಿನ ಮಂದಿ ನಗುತ್ತದೆ. ಇಡೀ ಸಿನಿಮಾದಲ್ಲಿ ಹೊಲಿದವನು ಆ ಮುದುಕನೊಬ್ಬನೇ ಎಂಬುದು ನನ್ನ ಲೆಕ್ಕ. ಕಡೆಗೆ ದೊಡ್ಡ ವೇದಿಕೆ, ದೀಪ, ಒಬ್ಬೊಬ್ಬಳೇ ಹುಡುಗಿ ನಡೆದು ಬರುತ್ತಾಳೆ. ಎಲ್ಲರೂ ಬಂದಾದ ಮೇಲೆ ಡಿಸೈನರ ಬರುತ್ತಾನೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ, ಆತ ಕನ್ನಡಕ ತೆಗೆದು ಅಳುತ್ತಾನೆ. ನಾನು ಕತ್ತರಿ ಹಿಡಿದು ಇಪ್ಪತ್ತಾರು ವರ್ಷವಾಗಿತ್ತು. ನನ್ನ ಅಂಗಿ ತೊಟ್ಟವರು ಹೆಚ್ಚೆಂದರೆ "ಬಗಲಾಗ ಹಿಡಿತೈತಿ" ಎಂದಿದ್ದರು.

ಆ ದಿನಗಳಲ್ಲೇ ನೀಲವ್ವ ಅಂಗಡಿಗೆ ಬಂದಳು. ಎದುರು ಮನೆಯವಳು. ಅವಳ ಮಗಳು ಗಿರಿಜೆಗೆ ಇಪ್ಪತ್ತಮೂರು. ಮೂರು ಕಡೆಯವರು ನೋಡಿ ಹೋಗಿದ್ದರು. ಮೂರೂ ಕಡೆಯಿಂದ ಒಂದೇ ಥರದ ಮಾತು: ಹುಡುಗಿ ಚಲೋ ಇದ್ದಾಳೆ, ಆದರೆ ಅದೇನೋ, ನಿಂತರೆ ಸರಿ ಕಾಣುವುದಿಲ್ಲ. ಅದೇನು ಎಂಬುದು ಅವರಿಗೆ ಹೊಳೆದಿರಲಿಲ್ಲ. ನನಗೆ ಗೊತ್ತಿತ್ತು. ಅವಳು ಪರಕಾರ-ಪೋಲಕ ತೊಡುವ ಕಾಲದಿಂದಲೂ ಅವಳ ಎಡಭುಜ ಬಲಭುಜಕ್ಕಿಂತ ಒಂದೂಕಾಲು ಇಂಚು ಕೆಳಗೆ. ನಾನು ಯಾರಿಗೂ ಹೇಳದೆ ಎಡಗಡೆ ಬೇರೆ ಕತ್ತರಿಸುತ್ತಿದ್ದೆ.

"ಬಸಣ್ಣಾ, ಬರೋ ಸೋಮವಾರ ಬಮ್ಮಿಗಟ್ಟಿಯವರು ಬರಾಕತ್ಯಾರ" ಎಂದಳು ನೀಲವ್ವ. ದನಿ ತಗ್ಗಿಸಿದಳು. "ಇವರೂ ಹೋದ್ರ ನಾಕನೇದ್ದು ಆಕ್ಕೈತಿ. ಆಮ್ಯಾಲ ಯಾರೂ ಈ ಓಣಿಗೆ ಹೊಳ್ಳಂಗಿಲ್ಲ. ನಿನ್ನ ಕೈಲೆ ಏನರ ಆಗತೈತೇನಪಾ?"

ಆಗ ನನ್ನ ತಲೆಯಲ್ಲಿ ಸಿನಿಮಾದ ಭುಜ ಎದ್ದು ನಿಂತಿತು. ಆ ಎತ್ತರ ಬಟ್ಟೆಯದಲ್ಲ, ಒಳಗೆ ಏನೋ ಇದೆ. ಏನಿದೆ? ಎರಡನೆಯ ಸಲ ಹುಬ್ಬಳ್ಳಿಗೆ ಹೋದೆ. ನಾಯಕಿ ಸಿಟ್ಟಿನಿಂದ ಕೋಟು ಬಿಚ್ಚಿ ಕುರ್ಚಿಯ ಮೇಲೆ ಒಗೆಯುವ ಒಂದು ಜಾಗವಿದೆ, ಅಲ್ಲಿ ಕೋಟಿನ ಒಳಮೈ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಣುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮುಂದಿನವನು ಎದ್ದು ನಿಂತ. ಮೂರನೆಯ ಸಲ ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಮತ್ತ ಅದಽ ಸಿನಿಮಾ? ಆಕಿ ಅಷ್ಟು ಚಲೋ ಅದಾಳೇನ್ರಿ?"

"ಆಕೀನ್ನಲ್ಲ. ಆಕಿ ಭುಜ ನೋಡಾಕ ಹೊಂಟೇನಿ."

"ಅದನ್ನ ಬಾಯಿಬಿಟ್ಟು ಬ್ಯಾರೆ ಹೇಳತೀರಿ!" ಎಂದಳು. ಎರಡು ದಿನ ರೊಟ್ಟಿಯ ಜೊತೆ ಪಲ್ಯ ಬರಲಿಲ್ಲ. ಆದರೆ ನಾನು ಕಂಡಿದ್ದೆ: ಭುಜದ ಒಳಗೆ ಅರ್ಧಚಂದ್ರದ ಒಂದು ಮೆತ್ತೆ.

ಹತ್ತಿ ಬೆಳೆಯುವ ಊರಿಗೆ ಮೆತ್ತೆ ಯಾವ ಲೆಕ್ಕ? ನೀಲವ್ವನ ಹೊಲದ ಹತ್ತಿಯನ್ನೇ ಹಿಂಜಿ ಎರಡು ಮೆತ್ತೆ ಮಾಡಿದೆ. ಬಲಕ್ಕೆ ಹೆಸರಿಗಷ್ಟೇ ಒಂದು ತೆಳ್ಳಗಿನದು, ಎಡಕ್ಕೆ ಅದಕ್ಕಿಂತ ಒಂದೂಕಾಲು ಇಂಚು ದಪ್ಪನಾದದ್ದು. ಮೇಲೆ ಬುಗ್ಗಿ ತೋಳು. ಒಂದು ಕುಪ್ಪಸಕ್ಕೆ ನಾಲ್ಕು ದಿನ ಹಿಡಿದೆ. ಮುಚ್ಚುವುದು ಮೋಸವಲ್ಲವೇ ಎಂದು ನೀವು ಕೇಳಬಹುದು. ಆ ಹುಡುಗಿ ದಿನಕ್ಕೆ ಇಬ್ಬರಷ್ಟು ಹತ್ತಿ ಬಿಡಿಸುತ್ತಿದ್ದಳು, ತಲೆಯ ಮೇಲೆ ತುಂಬಿದ ಕೊಡ ಹೊತ್ತರೆ ಒಂದು ಹನಿ ತುಳುಕುತ್ತಿರಲಿಲ್ಲ. ಆ ಭುಜದಿಂದ ಯಾರಿಗೆ ಏನು ಕಡಿಮೆಯಾಗಿತ್ತು? ಆಗ ನಾನು ಇಷ್ಟೇ ವಿಚಾರ ಮಾಡಿದ್ದು. ನಿಜ ಹೇಳಬೇಕೆಂದರೆ, ಅದಕ್ಕಿಂತ ಹೆಚ್ಚಾಗಿ ಮೆತ್ತೆಯ ವಿಚಾರವನ್ನೇ ಮಾಡಿದ್ದೆ.

ಸೋಮವಾರ ಬಮ್ಮಿಗಟ್ಟಿಯಿಂದ ಎಂಟು ಮಂದಿ ಬಂದರು. ಗಿರಿಜೆ ಚಹಾ ತಂದಳು, ನಿಂತಳು, ಕೂತಳು. ಎಂಟು ಜೋಡಿ ಕಣ್ಣು ನೋಡಿ ಒಪ್ಪಿದವು. ಸಂಜೆ ನೀಲವ್ವ ನಮ್ಮ ಮನೆಗೆ ಸಕ್ಕರೆ ತಂದು ನನ್ನ ಕೈಯಲ್ಲಿಟ್ಟಳು. ಏನೂ ಹೇಳಲಿಲ್ಲ. ಹೇಳಲಾಗದ ಕೆಲಸಕ್ಕೆ ಅದೇ ಪೂರ್ತಿ ಮರ್ಯಾದೆ ಎಂದು ಈಗ ಅರ್ಥವಾಗುತ್ತದೆ. ಆಗ, ಇಷ್ಟೇನಾ, ಅನ್ನಿಸಿತ್ತು.

ವಾರ ಕಳೆಯಿತು. ಚಹಾದ ಅಂಗಡಿಯಲ್ಲಿ ಏಳು ಮಂದಿ ಕೂತಿದ್ದೆವು, ಅದೇ ಸಿನಿಮಾದ ಮಾತು ಬಂತು. ಶಾಲೆಯ ಮಾಸ್ತರರೊಬ್ಬರು ಡಿಸೈನರನನ್ನು ಹಾಡಿ ಹೊಗಳುತ್ತಿದ್ದರು. ನಾನು ತಡೆಯಲಾರದೆ, "ಅಂವ ಹೊಲದದ್ದು ಎಲ್ಲೈತ್ರಿ ಅದರಾಗ?" ಎಂದೆ.

ಮಾಸ್ತರರು ನಕ್ಕರು. "ಬಸಣ್ಣಾ, ಅಂವ ಡಿಸೈನರ್, ನೀ ದರ್ಜಿ. ಅಂವ ತಲೀಲೆ ಮಾಡತಾನ, ನೀ ಕಾಲೀಲೆ ಮಾಡತಿ."

ಮಷೀನು ತುಳಿಯುವ ಕಾಲನ್ನೇ ಅವರು ಹೇಳಿದ್ದು. ಮಂದಿ ಎಷ್ಟು ನಕ್ಕಿತೆಂದರೆ, ಒಬ್ಬನ ಮೂಗಿನಲ್ಲಿ ಚಹಾ ಬಂತು. ನನ್ನ ಮೈ ಉರಿಯಿತು. "ತಲಿ ಮಾತು ಆಡಬ್ಯಾಡ್ರಿ ಮಾಸ್ತರ" ಎಂದೆ. "ಒಂದೂಕಾಲು ಇಂಚು ಇಳದ ಭುಜಾನ ಹತ್ತಿ ಹಾಕಿ ಸಮಾ ಮಾಡೇನಿ ನಾನು. ಎಂಟು ಮಂದಿ ಎದುರಿಗೆ ಕುಂತು ನೋಡ್ಯಾರ, ಒಬ್ಬರಿಗೆ ಗೊತ್ತಾಗಿಲ್ಲ. ನಿಮ್ಮ ಮುಂಬೈಯಂವ ಮಾಡಿ ತೋರಸ್ಲಿ!"

ಒಬ್ಬ "ಭಲೇ" ಎಂದ. ಇನ್ನೊಬ್ಬ ತೊಡೆ ತಟ್ಟಿದ. ಮಾಸ್ತರರೂ ತಲೆದೂಗಿದರು. ಹೆಸರನ್ನು ನಾನು ಹೇಳಲಿಲ್ಲ, ಆ ಎಚ್ಚರ ನನಗಿತ್ತು. ಆದರೆ ಆ ಹದಿನೈದು ದಿನದಲ್ಲಿ ನಮ್ಮೂರಲ್ಲಿ ಎಂಟು ಮಂದಿ ಕೂತು ಹೆಣ್ಣು ನೋಡಿದ್ದು ಒಂದೇ ಮನೆಯಲ್ಲಿ.

ಶಲವಡಿಯಿಂದ ಬಮ್ಮಿಗಟ್ಟಿಗೆ ನೇರ ಬಸ್ಸಿಲ್ಲ. ಕಾರ್ಡು ಬರೆದರೆ ಮುಟ್ಟಲು ನಾಲ್ಕು ದಿನ. ನನ್ನ ಮಾತು ಮೂರು ದಿನದಲ್ಲಿ ಮುಟ್ಟಿತ್ತು. ಐದನೆಯ ದಿನ ವರನ ಸೋದರತ್ತೆ ಒಬ್ಬಳೇ ಬಂದಳು. ಮದುವೆಯ ಬಟ್ಟೆಯ ಮಾತಿಗೆ ಬಂದಿರಬೇಕೆಂದು ನೀಲವ್ವ ನನ್ನನ್ನೂ ಕರೆಸಿದಳು. ನಾನು ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೋದೆ.

ಸೋದರತ್ತೆ ಚಹಾ ಕುಡಿದಳು. ಮಳೆ-ಬೆಳೆ ಕೇಳಿದಳು. ಕಪ್ಪು ಕೆಳಗಿಟ್ಟು, "ಮದಿವಿ ಕುಬಸ ನಾವು ಹೊಲಸ್ತೀವ್ರಿ. ಅಳತೀಗೆ ಒಂದು ಕೊಡ್ರಿ" ಎಂದಳು. ನೀಲವ್ವ ಟ್ರಂಕಿನ ಕಡೆ ಎದ್ದಳು. "ಸಿನಿಮಾದ್ದು ಬ್ಯಾಡವ್ವಾ. ದಿನಾ ತೊಡೂದು ಕೊಡು."

ನೀಲವ್ವ ನಿಂತಲ್ಲೇ ನಿಂತಳು. ಗಿರಿಜೆಯೇ ಒಳಗೆ ಹೋಗಿ ಹಗ್ಗದ ಮೇಲಿದ್ದ ಕುಪ್ಪಸವನ್ನು ತಂದುಕೊಟ್ಟಳು. ಆ ಹೆಂಗಸು ಅದನ್ನು ನಡುವೆ ಮಡಿಚಿ, ಎರಡೂ ಭುಜ ಜೋಡಿಸಿ ಎತ್ತಿ ಹಿಡಿದಳು. ಒಂದು ಇನ್ನೊಂದಕ್ಕಿಂತ ಕೆಳಗೆ ನಿಂತಿತು. ನಾನೇ ಕತ್ತರಿಸಿದ್ದು, ತಪ್ಪುವ ಮಾತೇ ಇಲ್ಲ.

"ಹುಡುಗಿ ಮ್ಯಾಲ ಸಿಟ್ಟಿಲ್ಲವ್ವಾ ನಂದು" ಎಂದಳು ನೀಲವ್ವನಿಗೆ. "ಮೊದಲ ಹೇಳಿದ್ರ ಹೂಂ ಅಂತಿದ್ವೇನೋ. ಇದನ್ನ ಮುಚ್ಚಿದವರು ಮತ್ತೇನೇನು ಮುಚ್ಚೀರಿ, ನಮಗೇನು ಗೊತ್ತು?" ಆಮೇಲೆ ನನ್ನ ಕಡೆ ತಿರುಗಿದಳು. "ದರ್ಜ್ಯಾರು ನೀವಽ ಏನ್ರಿ? ಭಾಳ ಶ್ಯಾಣ್ಯಾ ಅದೀರಂತ. ನಮ್ಮೂರತನಾ ಹೆಸರೈತಿ ನಿಮ್ಮದು."

ಮಂದಿಯ ಎದುರಿಗೆ ನನ್ನ ಕೆಲಸವನ್ನು ಪರವೂರಿನವರು ಹೊಗಳಿದ್ದು ಅದೊಂದೇ ಸಲ. ಕುಪ್ಪಸವನ್ನು ನೀಟಾಗಿ ಮಡಿಚಿ ಚಾಪೆಯ ಮೇಲಿಟ್ಟು ಅವಳು ಬಸ್ಸಿಗೆ ಹೋದಳು.

ನೀಲವ್ವ ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಮರುದಿನ ಗಿರಿಜೆ ಅಂಗಡಿಗೆ ಬಂದಳು. ಆ ಬುಗ್ಗಿ ತೋಳಿನ ಕುಪ್ಪಸವನ್ನು ಹಲಗೆಯ ಮೇಲಿಟ್ಟಳು.

"ಕಾಕಾ, ಇಷ್ಟು ವರ್ಷ ಹೊಲದಾಗ, ಕೆರಿಯಾಗ ಎಲ್ಲಾರೂ ನನ್ನ ನೋಡ್ಯಾರ. ಅಳದವರು ನೀವೊಬ್ರಽ."

"ನಾ ನಿನ್ನ ಹೆಸರು ಹೇಳಿಲ್ಲವ್ವಾ" ಎಂದೆ. ನಲವತ್ತರ ಹತ್ತಿರದ ಗಂಡಸು, ಪಾಟಿ ಒಡೆದ ಹುಡುಗನ ಹಾಗೆ.

"ಈಗ ಅದಽ ಹೆಸರಾಗೇತ್ರಿ. ನಿನ್ನೆ ನೀರಿಗೆ ಹೋದಾಗ ಪಡ್ಡಿ ಹುಡುಗೂರು 'ಒಂದೂಕಾಲ, ಒಂದೂಕಾಲ' ಅಂತ ಕೂಗಿದ್ವು." ಅವಳು ಅಳುತ್ತಿರಲಿಲ್ಲ. ಸೆರಗು ಹೊದ್ದುಕೊಂಡು ಹೋದಳು. ಎಡಭುಜ ಕೆಳಗಿರುವುದು ನಡಿಗೆಯಲ್ಲಿ ಕಾಣುತ್ತದೆ ಎಂದು ನನಗೆ ಅವತ್ತೇ ಮೊದಲು ಗೊತ್ತಾದದ್ದು. ಅಲ್ಲಿಯವರೆಗೆ ಅವಳು ಅದನ್ನು ಹಿಡಿದುಕೊಂಡು ನಡೆಯುತ್ತಿದ್ದಳೋ ಏನೋ.

ಮೂರು ವರ್ಷವಾಯಿತು. ಆ ಮನೆಗೆ ನೋಡಲು ಯಾರೂ ಬಂದಿಲ್ಲ. ಊರ ಹೆಂಗಸರು ಜಗಳ ತೆಗೆಯಲಿಲ್ಲ, ಪಂಚರನ್ನು ಕೂಡಿಸಲಿಲ್ಲ. ತಮ್ಮ ತಮ್ಮ ಅಳತೆಯ ಕುಪ್ಪಸಗಳನ್ನು ಒಬ್ಬೊಬ್ಬರಾಗಿ ಬಂದು ವಾಪಸು ಕೇಳಿ ತೆಗೆದುಕೊಂಡು ಹೋದರು, ಅಷ್ಟೇ. ಯಾಕೆ ಎಂದು ನಾನು ಕೇಳಲಿಲ್ಲ. ಈಗ ನವಲಗುಂದದ ಬಸ್ಸಿನಲ್ಲಿ ಪ್ರತಿ ಹೆಂಗಸಿನ ಕಂಕುಳಲ್ಲೂ ಒಂದು ಬಟ್ಟೆಯ ಗಂಟು ಇರುತ್ತದೆ. ಅಲ್ಲಿಯ ದರ್ಜಿಯ ಹೊಲಿಗೆ ನನಗಿಂತ ಕಡಿಮೆ. ಕಂಕುಳಲ್ಲಿ ಹಿಡಿಯುತ್ತದೆ, ತಿಂಗಳೊಪ್ಪತ್ತಿಗೆ ಬಿಚ್ಚುತ್ತದೆ. ಅವರಿಗೆ ಅದು ನಡೆಯುತ್ತದೆ.

ಈಗ ನನ್ನ ಬಳಿ ಇರುವುದು ಇಷ್ಟು. ಮಷೀನು ಎರಡು. ಕತ್ತರಿ ಮೂರು. ಇದ್ದಲಿಯ ಇಸ್ತ್ರಿ ಒಂದು. ಗಂಡಸರ ಅಂಗಿ-ಪಾಯಜಾಮಾ ಹೊಲಿಸುವ ಮನೆ ಅರವತ್ತೆರಡು. ಕುಪ್ಪಸ ಹೊಲಿಯಲು ಕೊಡುವ ಮನೆ, ನನ್ನ ಮನೆಯನ್ನೂ ಹಿಡಿದು, ಒಂದೂ ಇಲ್ಲ.