ಎಣ್ಣೆ ಬಿಡುವ ತೂತು

ಆ ಸ್ಪ್ರಿಂಗು ಅಕ್ಕಿಕಾಳಿಗಿಂತ ದೊಡ್ಡದೇನಲ್ಲ. ಅದರ ಪಾಡಿಗೆ ಅದನ್ನು ಟ್ರೇಯಲ್ಲಿ ಬಿಟ್ಟಿದ್ದರೆ ಯೋಗೇಶನ ಆಯುಧಪೂಜೆ ನೆಟ್ಟಗೆ ನಡೆದುಹೋಗುತ್ತಿತ್ತು. ಆದರೆ ಏನು ಕಂಡರೂ ‘ಇದನ್ನ ಒತ್ತಿದರೆ ಏನಾಗುತ್ತೆ?’ ಎಂದು ಕೈ ತುರಿಸುವ ಜನ್ಮ ಅವನದು. ಹೆಬ್ಬೆರಳಿನ ಉಗುರಿನಿಂದ ಒತ್ತಿಯೇಬಿಟ್ಟ. ‘ಟಿಂಗ್’ ಎಂದಿತು. ಆಮೇಲೆ ಸ್ಪ್ರಿಂಗು ಎಲ್ಲಿಯೂ ಕಾಣಲಿಲ್ಲ.

ವಾರವೆಲ್ಲ ಅಮೆರಿಕದ ಷಾರ್ಲೆಟ್ಟಿನ ಬ್ಯಾಂಕೊಂದರ ಕಂಪ್ಯೂಟರ್ ಮುಂದೆ ಕೂರುವ ಯೋಗೇಶ, ಶನಿವಾರ ಬಂತೆಂದರೆ ಫೋರ್ಟ್ ಮಿಲ್‌ನ ತನ್ನ ಗ್ಯಾರೇಜು ಸೇರುತ್ತಿದ್ದ. ಹಳೇ ಬಂದೂಕು ಬಿಚ್ಚುವುದು, ಒರೆಸುವುದು, ಮತ್ತೆ ಜೋಡಿಸುವುದು ಅವನ ಹುಚ್ಚು. ಹಾರಿಸಿದವನಲ್ಲ, ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಳ್ಳುವ ಆಸಾಮಿ. ಒಳಗೆ ಏನಿದೆ, ಯಾವುದು ಯಾವುದನ್ನು ತಳ್ಳುತ್ತದೆ ಎಂಬ ಕುತೂಹಲ, ಅಷ್ಟೆ. ಈಗ ಬೆಂಚಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದದ್ದು ಪಕ್ಕದ ಮನೆಯ ವೆಂಡೆಲ್ ಎಂಬ ಮುದುಕರ ತಾತನ ಒಂಟಿ ನಳಿಗೆ ಬಂದೂಕು. ಬೇಸಿಗೆಯಿಡೀ ಅದರ ತುಕ್ಕು ತಿಕ್ಕಿದ್ದ, ಮರದ ಹಿಡಿಗೆ ಹೊಳಪು ಕೊಟ್ಟಿದ್ದ. ನಳಿಗೆಯ ಹಿಂದೆ ಕಬ್ಬಿಣದಲ್ಲಿ ಒಂದು ಪುಟ್ಟ ತೂತಿತ್ತು. “ಇದು ಎಣ್ಣೆ ಬಿಡೋ ತೂತು” ಎಂದು ಬಂದವರಿಗೆಲ್ಲ ತೋರಿಸಿ, ಮರೆಯದೆ ಒಂದೊಂದು ಹನಿ ಬಿಡುತ್ತಿದ್ದ.

ಹೆಂಡತಿ ನಳಿನಿ ಆಸ್ಪತ್ರೆಯಲ್ಲಿ ಡಾಕ್ಟರು. ಈ ಬೆಂಚು ಬಂದಂದಿನಿಂದ ಅವಳ ಕಾರು ಬೀದಿಪಾಲಾಗಿತ್ತು. ವಸಂತದಲ್ಲಿ ಪೈನ್ ಮರಗಳ ಪರಾಗ ಉದುರಿ, ಅದು ಅರಿಶಿನ ಹಚ್ಚಿದ ಮದುಮಗಳಂತೆ ನಿಂತಿರುತ್ತಿತ್ತು. ಆಯುಧಪೂಜೆಯ ಬೆಳಿಗ್ಗೆ ಅವಳು ಒಂದೇ ಮಾತು ಹೇಳಿದ್ದಳು.

“ಸಂಜೆ ವೆಂಡೆಲ್ ಬಂದು, ಗನ್ ರಿಪೇರಿ ಆಗಿದೆ ಅಂತ ತಮ್ಮ ಬಾಯಲ್ಲಿ ಹೇಳ್ಲಿ, ನಿನ್ನ ಬೆಂಚು ಇಲ್ಲೇ ಇರ್ಲಿ. ಇಲ್ಲಾಂದ್ರೆ ನಾಳೆಯಿಂದ ಗ್ಯಾರೇಜಲ್ಲಿ ನನ್ನ ಕಾರು ಪಾರ್ಕ್ ಮಾಡ್ತೀನಿ.”

ಈಗ ಯೋಗೇಶ ಮಂಡಿಯೂರಿ, ಟಾರ್ಚು ಹಿಡಿದು ನೆಲ ಸವರುತ್ತಿದ್ದ. ಎದುರುಮನೆಯ ಮೈಸೂರಿನ ಗಫೂರ್ ಏಣಿ ವಾಪಸು ಕೊಡಲು ಬಂದವನು ಬಾಗಿಲಲ್ಲೇ ನಿಂತ.

“ಏನೋ ಇದು, ನೆಲ ಮೂಸ್ತಾ ಇದೀಯ?”

“ಟ್ರಿಗರ್ ಸ್ಪ್ರಿಂಗ್ ಹಾರೋಯ್ತು ಮಾರಾಯ. ಮೆಲ್ಲಗೆ ಮಾತಾಡು, ನಳಿನಿ ಒಳಗಿದಾಳೆ.”

“ಅಷ್ಟೇನಾ? ನನ್ನ ಹತ್ರ ಮ್ಯಾಗ್ನೆಟ್ ಇದೆ, ಇರು.”

ಗಫೂರ್ ತಂದದ್ದು ದೋಸೆಕಲ್ಲಿನಷ್ಟು ದೊಡ್ಡ ಅಯಸ್ಕಾಂತ. ಮೂಲೆಮೂಲೆಯಿಂದ ಮೊಳೆ, ಬೀಗದ ಕೈ, ನಳಿನಿ ಎಂದೋ ಕಳೆದುಕೊಂಡ ಸೇಫ್ಟಿಪಿನ್ನು ಎಲ್ಲ ಬಂದವು, ಸ್ಪ್ರಿಂಗು ಬರಲಿಲ್ಲ. “ಬೆಂಚಿನ ಮೇಲೂ ನೋಡ್ಬಿಡೋಣ” ಎಂದು ಗಫೂರ್ ಅದನ್ನು ಎತ್ತಿದ್ದೇ ತಡ, ಯೋಗೇಶ ಕ್ರಮವಾಗಿ ಜೋಡಿಸಿಟ್ಟಿದ್ದ ಅಷ್ಟೂ ಭಾಗಗಳು ಟಕಟಕನೆ ಹಾರಿ ಅಂಟಿಕೊಂಡು ಒಂದು ಮುದ್ದೆಯಾದವು. ಯೋಗೇಶನಿಗೆ ಅಳು ಬರುವುದೊಂದು ಬಾಕಿ. ಅದನ್ನು ಬಿಡಿಸಿ, ಸ್ಪ್ರಿಂಗು ಇಲ್ಲದೆಯೇ ಬಂದೂಕನ್ನು ಹೇಗೋ ಜೋಡಿಸುವಷ್ಟರಲ್ಲಿ ಸಂಜೆಯಾಯಿತು, ಆರತಿ ತಟ್ಟೆ ಹಿಡಿದು ಶೈಲಜಾ ಆಂಟಿಯೂ ಬಂದರು.

ಆಂಟಿ ಮಕ್ಕಳ ಡಾಕ್ಟರಾಗಿ ರಿಟೈರ್ ಆದವರು. ಅವರಿಲ್ಲದೆ ಆ ಊರಿನ ಕನ್ನಡದವರ ಮನೆಯಲ್ಲಿ ಗಣಪತಿ ಕೂರುವುದೂ ಇಲ್ಲ, ಏಳುವುದೂ ಇಲ್ಲ. ಬಂದೂಕು ಕಂಡು ಅವರ ಕಣ್ಣರಳಿತು.

“ಅಯ್ಯೋ, ನಿಜವಾದ ಆಯುಧ! ಈ ದೇಶಕ್ಕೆ ಬಂದಾಗಿನಿಂದ ಲಾನ್ ಮೋವರ್‌ಗೆ ಕುಂಕುಮ ಇಟ್ಟು ಇಟ್ಟು ಬೇಜಾರಾಗಿತ್ತು ಕಣೋ!”

ಬಂದೂಕಿಗೆ ಚೆಂಡುಹೂವಿನ ಹಾರ ಬಿತ್ತು. ಸ್ಕ್ರೂಡ್ರೈವರು, ಎಣ್ಣೆ ಡಬ್ಬಿ, ಕೊನೆಗೆ ಬೆಂಚಿಗೂ ಕುಂಕುಮವಾಯಿತು. ಗಫೂರ್ ತಾನಾಗಿಯೇ ಅಯಸ್ಕಾಂತ ಮುಂದೆ ಹಿಡಿದು, “ಇದಕ್ಕೂ ಒಂದು ಬೊಟ್ಟು ಇಡಿ ಆಂಟಿ, ತುಂಬಾ ದುಡಿದಿದೆ” ಎಂದ.

ಆಗಲೇ ಎದೆಯುದ್ದದ ಬಿಳಿ ಗಡ್ಡದ ವೆಂಡೆಲ್ ಬಂದು ಬಂದೂಕಿಗೆ ಕೈ ಚಾಚಿದರು. ನಳಿನಿಯೂ ಕೈಕಟ್ಟಿ ಬಾಗಿಲಲ್ಲಿ ನಿಂತಳು.

“ನೋ, ನೋ!” ಶೈಲಜಾ ಆಂಟಿ ಅಡ್ಡ ಬಂದರು. “ಪೂಜೆ ಆದ್ಮೇಲೆ ಇವತ್ತು ಮುಟ್ಟೋ ಹಾಗಿಲ್ಲ. ನಾಳೆ ವಿಜಯದಶಮಿ ಮಂಗಳಾರತಿ ಆಗ್ಲಿ, ಆಮೇಲೆ ತಗೊಂಡು ಹೋಗ್ಲಿ. ಹೇಳೋ ಅವರಿಗೆ.”

ಯೋಗೇಶನಿಗೆ ಆಂಟಿಯ ಕಾಲಿಗೆ ಬೀಳೋಣವೆನಿಸಿತು. ನಾಳೆಯೊಳಗೆ ಇನ್ನೊಂದು ಸ್ಪ್ರಿಂಗು ಹುಡುಕಿದರಾಯಿತು! ವೆಂಡೆಲ್ ವಿಷಯ ಕೇಳಿ ಮನಸ್ಸು ಕರಗಿ, ಟೋಪಿ ತೆಗೆದು ತಲೆ ಬಾಗಿಸಿದರು. ಬೆಳಿಗ್ಗೆಯೇ ನಳಿನಿ ಬೆಂಚಿನ ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದ ಅಕ್ಷತೆಯನ್ನು ಆಂಟಿ ಬೊಗಸೆ ತುಂಬ ತೆಗೆದು, ಬಂದೂಕಿನ ಮೇಲೂ ವೆಂಡೆಲ್ ತಲೆಯ ಮೇಲೂ ಸುರಿದರು. ವೆಂಡೆಲ್ ಗಡ್ಡ ಕೊಡವಿಕೊಂಡರು. ಏನೋ ಬೆರಳಿಗೆ ಸಿಕ್ಕಿತು.

ಅವರ ಎಳೆದೆಳೆದು ಆಡುವ ಇಂಗ್ಲಿಷನ್ನು ನಮ್ಮ ಮಾತಿಗೆ ತಂದರೆ ಹೀಗೆ: “ಇದೂ ನಿಮ್ಮ ಆಶೀರ್ವಾದದಲ್ಲಿ ಸೇರಿದ್ದೇನಪ್ಪಾ?”

ಅವರ ಅಂಗೈಯಲ್ಲಿ ಸ್ಪ್ರಿಂಗು!

“ಇದೇ, ಇದೇ!” ಯೋಗೇಶ ಹಾರಿ ಕಸಿದುಕೊಂಡ. ಆಮೇಲೆ ನಳಿನಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. “ಬರೀ ಟ್ರಿಗರ್ ಸ್ಪ್ರಿಂಗು ಕಣೇ. ನಾಳೆ ಮಂಗಳಾರತಿ ಆದ ತಕ್ಷಣ ಹಾಕ್ಬಿಡ್ತೀನಿ. ಗನ್ ಪರ್ಫೆಕ್ಟ್!”

ನಳಿನಿ ವೆಂಡೆಲ್ ಕಡೆ ತಿರುಗಿದಳು. “ಅದನ್ನ ಹಾಕಿದ್ರೆ ಗನ್ ಕೆಲಸ ಮಾಡುತ್ತಾ?”

ವೆಂಡೆಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದು ಕೆಲಸ ಮಾಡೋದಾ? ನಮ್ಮ ದೊಡ್ಡ ಮಗ ಅಂಬೆಗಾಲಿಡೋಕೆ ಶುರು ಮಾಡಿದಾಗಲೇ ನನ್ನ ಹೆಂಡತಿ ಇದರ ಫೈರಿಂಗ್ ಪಿನ್ನು ಕೀಳಿಸಿ ಕಟಾಬಾ ನದಿಗೆ ಎಸೆದಳು ತಾಯಿ. ಗುಂಡಿಗೆ ಹೊಡೆಯೋ ಪಿನ್ನೇ ಇಲ್ಲ, ಸ್ಪ್ರಿಂಗು ಕಟ್ಟಿಕೊಂಡು ಏನಾಗಬೇಕು? ಗೋಡೆಗೆ ತೂಗುಹಾಕೋಕೆ ಹೊಳಪು ಬಂದ್ರೆ ಸಾಕಿತ್ತು ನನಗೆ. ಇಗೋ ನೋಡಿ, ಪಿನ್ನು ಇರಬೇಕಾದ ಜಾಗ ಇದು.” ಮುಟ್ಟದೆ, ಬಗ್ಗಿ ತೂತಿನ ಕಡೆ ಬೆರಳು ತೋರಿಸಿದವರು ಹುಬ್ಬುಗಂಟಿಕ್ಕಿದರು. “ಅಲ್ಲಾ, ಇದರೊಳಗೆ ಯಾಕೆ ಇಷ್ಟೊಂದು ಎಣ್ಣೆ?”

ಗಫೂರನಿಗೆ ಇದ್ದಕ್ಕಿದ್ದಂತೆ ಮನೆಯಲ್ಲಿ ಕೆಲಸ ನೆನಪಾಯಿತು. ನಳಿನಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಟೇಪು ತಂದು, ಬೆಂಚು ಇರುವ ಜಾಗದಲ್ಲಿ ಕಾರು ಹಿಡಿಸುತ್ತದೆಯೇ ಎಂದು ಅಳೆಯತೊಡಗಿದಳು.

ಯೋಗೇಶ ಕಡೆಯ ಅಸ್ತ್ರ ಬಿಟ್ಟ. “ಬೆಂಚಿಗೂ ಪೂಜೆ ಆಗಿದೆ. ಅಲ್ಲಾಡಿಸೋ ಹಾಗಿಲ್ಲ, ಅಲ್ವಾ ಆಂಟಿ?”

“ಖಂಡಿತಾ ಇಲ್ಲ” ಎಂದರು ಶೈಲಜಾ ಆಂಟಿ. “ನಾಳೆ ಬೆಳಿಗ್ಗೆ ಮಂಗಳಾರತಿ ಆಗ್ಲಿ ನಳಿನಿ, ಒಂದು ಕಡೆ ನಾನೂ ಹಿಡ್ಕೋತೀನಿ.”

ಎಲ್ಲರೂ ಕೋಸಂಬರಿ ತಿನ್ನಲು ಒಳಗೆ ಹೋದರು. ಯೋಗೇಶ ಒಬ್ಬನೇ ಕುಂಕುಮ ಮೆತ್ತಿದ ಬೆಂಚಿನ ಮುಂದೆ ಕುಳಿತ. ಅಂಗೈಯಲ್ಲಿ ಸ್ಪ್ರಿಂಗು. ಅವನಿಗೆ ದುಃಖವೇನೋ ಆಗಿತ್ತು, ಆದರೂ ಒಂದು ಸಂಶಯ ಕೊರೆಯುತ್ತಿತ್ತು. ಇಷ್ಟು ಚಿಕ್ಕದು ಬೆಳಿಗ್ಗೆ ಶೆಲ್ಫಿನವರೆಗೆ ಹಾರಿದ್ದಾದರೂ ಹೇಗೆ? ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿದ.

‘ಟಿಂಗ್’ ಎಂದಿತು. ಈ ಸಲ ಹುಡುಕಲು ಯಾರೂ ಬರಲಿಲ್ಲ.