ಕೆಂಪು ಸೂಪಿನ ಫಜೀತಿ

ನಾನು ಬಾಯಿ ತೆರೆದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಅಮೆರಿಕದ ವಾರೆನ್‌ಗೆ ಬಂದ ಎರಡನೇ ಚಳಿಗಾಲದಲ್ಲಂತೂ ಒಂದೇ ಸೂಪಿನಿಂದ ಮೂರು ಸಲ ಆಯಿತು.

೧. ರೂಟು

ನನ್ನ ಕೆಮ್ಮು ಕೇಳಲಾರದೆ ಪಕ್ಕದ ಮನೆಯ ಪೋಲಿಷ್ ಅಜ್ಜಿ ದನದ ಮಾಂಸ, ಬೀಟ್‌ರೂಟ್ ಹಾಕಿದ ಸೂಪ್ ಹೇಳಿಕೊಟ್ಟರು. ಮಾಂಸ ಡಿಯರ್‌ಬಾರ್ನಿನ ಹಲಾಲ್ ಅಂಗಡಿಯಲ್ಲಿ ಸಿಕ್ಕಿತು. ಬೀಟ್‌ರೂಟ್‌ಗೆ ಮನೆ ಹತ್ತಿರದ ಅಂಗಡಿಗೆ ಹೋದೆ. ಎಲ್ಲಿದೆ ಎಂದು ಕೇಳಿದ್ದಕ್ಕೆ ಅಲ್ಲಿನ ಹುಡುಗಿ ನಗುನಗುತ್ತಾ ಕರೆದುಕೊಂಡು ಹೋಗಿ ಬಾಟಲಿಗಳ ಮುಂದೆ ನಿಲ್ಲಿಸಿದಳು. ಎಲ್ಲದರ ಮೇಲೂ ‘ರೂಟ್ ಬೀರ್’ ಎಂದಿತ್ತು. ತಲೆ ತುಂಬ ದುಪಟ್ಟಾ ಹೊದ್ದ ನಾನು ಬೀರ್ ಕೇಳಿದೆ ಅಂದುಕೊಂಡಳಲ್ಲ! ಬರಿಗೈಯಲ್ಲಿ ಓಡಿಬಂದೆ.

ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ಬರೀ ಸೋಡಾ ಕಣೇ. ಬೀಟ್‌ರೂಟ್‌ಗೆ ಇಲ್ಲಿ ಬೀಟ್ ಅಂತಾರೆ. ರೂಟ್ ಬಿಟ್ಟುಬಿಡು."

ಬಿಟ್ಟೆ. ಅದೇ ತಪ್ಪಾಯಿತು.

೨. ಟಪಾಲಿನ ಟ

ಮನೆಯವರನ್ನು ಬಿಟ್ಟರೆ ಎರಡು ವರ್ಷದಲ್ಲಿ ನನ್ನ ಜೊತೆ ಕನ್ನಡ ಮಾತಾಡಿದ್ದು ಒಬ್ಬರೇ: ಇಂಡಿಯನ್ ಸ್ಟೋರಿನಲ್ಲಿ ಹುಣಸೆಹಣ್ಣು ಆರಿಸುವಾಗ ಸಿಕ್ಕ, ಪ್ಲಿಮತ್‌ನಲ್ಲಿರುವ ಮೈಸೂರಿನ ಆಂಟಿ. ಅವರ ಸ್ನೇಹ ಹೇಗಾದರೂ ಉಳಿಯಬೇಕೆಂದು ನನಗೆ ಆಸೆ. ಸಸ್ಯಾಹಾರಿಗಳೆಂದು ಅವರಿಗಾಗಿ ಹೊಸ ಪಾತ್ರೆಯನ್ನೇ ತಂದು ಫೋನ್ ಮಾಡಿದೆ.

"ಆಂಟಿ, ಭಾನುವಾರ ಅಂಕಲ್ ಜೊತೆ ಊಟಕ್ಕೆ ಬನ್ನಿ. ನಿಮಗೋಸ್ಕರ ಬೀಟ್ ಸೂಪ್ ಮಾಡ್ತೀನಿ."

ಆಂಟಿ ಮೆಲ್ಲಗೆ, "ಪ್ರೀತಿಯಿಂದ ಕರೀತಿದೀಯ, ಬರ್ತೀವಮ್ಮ. ಆದ್ರೆ ನಮಗೆ ಬೀಫು... ಮೊಸರನ್ನ ನಾನೇ ತರ್ತೀನಿ, ಬೇಜಾರು ಮಾಡ್ಕೋಬೇಡ."

ನಾನು ಕಿರುಚಿಯೇಬಿಟ್ಟೆ. "ಬೀಫ್ ಅಲ್ಲ ಆಂಟಿ, ಬೀಟ್! ಟ! ಟಪಾಲಿನ ಟ!"

"ಅಯ್ಯೋ, ಬೀಟ್‌ರೂಟ್ ಅನ್ನಬಾರದಾ?"

"ಹಾಗಂದ್ರೆ ಇಲ್ಲಿ ಬೀರ್ ಕೊಡ್ತಾರೆ ಆಂಟಿ!"

೩. ಮೂರು ಬಟ್ಟಲು

ಭಾನುವಾರ ಹೊರಗೆ ಮೈನಸ್ ಹನ್ನೆರಡು ಡಿಗ್ರಿ ಚಳಿ. ಎಲುಬು ಹಾಕಿದ ಸೂಪ್ ಒಲೆಯ ಮೇಲೆ ನಮಗೆ. ಹೊಸ ಪಾತ್ರೆಯ ಬರೀ ತರಕಾರಿಯದು ಟೇಬಲ್ ಮೇಲೆ ಅವರಿಗೆ. ಅಂಕಲ್ ಮೂರು ಬಟ್ಟಲು ಕುಡಿದರು. ಯಾವುದಕ್ಕೂ ಇರಲಿ ಎಂದು ಆಂಟಿ ತಂದಿದ್ದ ಮೊಸರನ್ನವನ್ನು ನಮ್ಮವರು ಖಾಲಿ ಮಾಡಿದರು. ಅಷ್ಟು ಖುಷಿಯಾಗಿ ನಾನು ಆ ಊರಲ್ಲಿ ಎಂದೂ ಮಲಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಆಂಟಿಯ ಫೋನ್ ಬಂತು.

"ನಿನ್ನ ಸೂಪಿಂದಲೇ ಅಂತಿಲ್ಲಮ್ಮ... ನಿಮ್ಮ ಅಂಕಲ್‌ಗೆ ಬಾತ್‌ರೂಮಲ್ಲಿ ಕೆಂಪಗೆ ಹೋಯ್ತಂತೆ. ರಕ್ತ ಅಂತ ಎಮರ್ಜೆನ್ಸಿಗೆ ಹೊರಟಿದಾರೆ. ಲೈಫ್ ಇನ್ಶೂರೆನ್ಸ್ ಪೇಪರ್ ಎಲ್ಲಿದೆ ಅಂತ ನನಗೆ ತೋರಿಸ್ತಾ ಇದಾರೆ!"

"ಆಂಟಿ, ಹೆದರಬೇಡಿ! ನಮ್ಮ ಮನೇಲೂ ಕೆಂಪೇ! ಇವರೂ ಈಗ ತಾನೇ ಪಕ್ಕದ ಅಜ್ಜಿ ಹತ್ರ ಓಡಿಹೋಗಿ ಬಂದ್ರು. ಅಷ್ಟು ಬೀಟ್‌ರೂಟ್ ತಿಂದ್ರೆ ಹಾಗೇ ಅಂತೆ!"

ಫೋನ್ ಅಂಕಲ್ ಕೈಗೆ ಹೋಯಿತು.

"ಹಾಗಾದ್ರೆ ನಾನು ಸಾಯಲ್ಲ?"

"ಇಲ್ಲ ಅಂಕಲ್."

"ಸರಿ. ಮುಂದಿನ ಭಾನುವಾರನೂ ಬರ್ತೀವಿ. ಆದ್ರೆ ಸೋರೆಕಾಯಿದು ಮಾಡಮ್ಮ."